ತೇಲುವ ಸೇತುವೆಯ ಮೇಲೆ ಸಾಯಣ್ಣ

ಬುಧವಾರ ಬೆಳಗ್ಗೆ ಹನ್ನೊಂದೂ ನಲವತ್ತಕ್ಕೆ ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಪೋಚಮ್ಮ ತೀರಿಕೊಂಡಳು. ಗಡಿಯಾಚೆ ತೆಲಂಗಾಣದ ಗದ್ವಾಲದವಳು, ಸೀರೆ ನೇಯುವವಳು, ವಯಸ್ಸು ಐವತ್ತೇಳು. ಸೋಮವಾರ ನಸುಕಿನಲ್ಲಿ ನಲ್ಲಿ ನೀರು ಹಿಡಿಯಲು ಎದ್ದವಳು ಹೊಸ್ತಿಲ ಬಳಿ ಕುಸಿದಿದ್ದಳು. ಮಿದುಳಿನಲ್ಲಿ ರಕ್ತಸ್ರಾವ ಎಂದು ವೈದ್ಯರು ಹೇಳಿದರು. ಆಮೇಲೆ ಅವಳಿಗೆ ಎಚ್ಚರ ಬರಲಿಲ್ಲ.

ಅವಳ ಗಂಡ ಸಾಯಣ್ಣನಿಗೆ ಇದು ಗೊತ್ತಿರಲಿಲ್ಲ. ಅವನು ಕೆರಿಬಿಯನ್ ಸಮುದ್ರದ ಕ್ಯುರಸಾವ್ ದ್ವೀಪದಲ್ಲಿ, ವಿಲೆಮ್‌ಸ್ಟಾಡ್ ಎಂಬ ಹಳೆಯ ಬಂದರು ಪಟ್ಟಣದಲ್ಲಿದ್ದ. ಅಲ್ಲಿ ನಡೆಯುತ್ತಿದ್ದ ಕೈಕಸುಬುಗಳ ಮೇಳವೊಂದರಲ್ಲಿ ಮಗ್ಗದ ಮುಂದೆ ಕೂತು ಗದ್ವಾಲ ಸೀರೆ ನೇಯ್ದು ತೋರಿಸಲು ನೇಕಾರರ ಸಂಘ ಅವನನ್ನು ಕಳಿಸಿತ್ತು. ಭಾಷೆ ಬಲ್ಲವನೊಬ್ಬ ಜೊತೆಗಿರಲಿ ಎಂದು ಹೈದರಾಬಾದಿನ ಅಂಜನಕುಮಾರ್ ಎಂಬ ಯುವಕನನ್ನೂ ಕೊಟ್ಟಿತ್ತು. ಅವರ ವಾಪಸು ಟಿಕೆಟ್ ಶನಿವಾರದ್ದು. ಎರಡು ಕಡೆ ವಿಮಾನ ಬದಲಿಸಿ, ಗದ್ವಾಲ ಮುಟ್ಟುವಾಗ ಸೋಮವಾರ ಸಂಜೆಯಾಗುತ್ತದೆ.

ದೇಹ ಮಧ್ಯಾಹ್ನ ಮೂರಕ್ಕೆ ಮನೆಗೆ ಬಂತು. ಮಣ್ಣು ಮರುದಿನ ಬೆಳಗ್ಗೆ ಎಂದು ಓಣಿಯ ಹಿರಿಯರು ತೀರ್ಮಾನಿಸಿದರು. ಇವತ್ತೇ ಹೇಳಿದರೂ ಸಾಯಣ್ಣ ಅಷ್ಟರೊಳಗೆ ಬರಲಾರ. ಹೇಳುವುದೋ ಬೇಡವೋ ಎಂಬುದಷ್ಟೇ ಉಳಿದಿತ್ತು.

ಬೇಡ ಎಂದವನು ಪೋಚಮ್ಮನ ತಮ್ಮ ತಾಯಪ್ಪ. ಮಾಗನೂರಿನಿಂದ ಮೋಟರ್‌ಸೈಕಲ್ ಮೇಲೆ ಬಂದಿದ್ದ, ಹೆಲ್ಮೆಟ್ಟು ಇನ್ನೂ ಕೈಯಲ್ಲಿತ್ತು.

“ಭಾವಗ ಹೋದ ವರ್ಷ ಎದಿಯಾಗ ಸ್ಟೆಂಟ್ ಹಾಕ್ಯಾರ. ಏಳು ಸಮುದ್ರದ ಆಚಿಗಿ ಅದಾನ. ಕೇಳಿ ಅಲ್ಲೇ ಏನರ ಆತಂದ್ರ ಎರಡು ಮಣ್ಣು ಮಾಡಬೇಕಾಗ್ತೈತಿ.”

“ಮುಖ ತೋರಿಸದಂಗ ಅವ್ವನ್ನ ಮಣ್ಣಿಗಿಟ್ರ ಅಪ್ಪ ಬಂದು ಏನು ನೋಡಬೇಕು ಮಾವ? ಗ್ವಾಡಿ ಮ್ಯಾಲಿನ ಫೋಟೋ ನೋಡಬೇಕೇನು?” ಎಂದಳು ನವನೀತಾ. ಅವಳು ಕಿರಿಯ ಮಗಳು. ನಾರಾಯಣಪೇಟೆಯಲ್ಲಿ ಗಂಡನ ಜೊತೆ ಸೀರೆ ಅಂಗಡಿ ನಡೆಸುತ್ತಾಳೆ.

“ತೋರಿಸಿದ್ರ ಎದ್ದು ಕೂಡ್ತಾಳೇನು?”

“ಮೂವತ್ತೆಂಟು ವರ್ಷ ಒಂದೇ ಮಗ್ಗಕ್ಕ ಕುಂತಾರ ಅವರು.”

“ಅದಕ್ಕ ಹೇಳಾಕ ಹತ್ತೀನಿ. ಎದಿ ತಡೀಬೇಕಲ್ಲ?” ತಾಯಪ್ಪ ಹಿರಿಯ ಮಗಳ ಕಡೆ ತಿರುಗಿದ. “ಪ್ರಶಾಂತಿ, ನೀ ದೊಡ್ಡಾಕಿ. ನೀ ಹೇಳಿದಂಗ.”

ಪ್ರಶಾಂತಿ ಎರಡು ರಾತ್ರಿ ಆಸ್ಪತ್ರೆಯ ಕಬ್ಬಿಣದ ಬೆಂಚಿನ ಮೇಲೆ ಕಳೆದಿದ್ದಳು. ಮಕ್ತಲ್‌ನಲ್ಲಿ ಶಾಲೆಯ ಟೀಚರು. ಮದುವೆಯಾಗಿ ಹೋದ ಮೇಲೆ ಮಗ್ಗ ಮುಟ್ಟಿದವಳಲ್ಲ. ಅಳು ಬಂದಿರಲಿಲ್ಲ. ಆಂಬುಲೆನ್ಸಿನಲ್ಲಿ ಬರುವಾಗ ಡ್ರೈವರಿಗೆ ದಾರಿ ಹೇಳಿದ್ದಳು, ಇಳಿದ ಮೇಲೆ ಅವನಿಗೆ ಚಹಾ ಕೊಡಿಸಿದ್ದಳು. ನೆರೆಯ ಆಶಮ್ಮ ಬಾಗಿಲಲ್ಲೇ ಅವಳನ್ನು ತಬ್ಬಿ ಏನೇನೋ ಹಾಡಿಕೊಂಡು ಅತ್ತಳು: ಅಮಾಸಿ ದಿನಾನ ಹೋದೆಲ್ಲವ್ವಾ, ತುಂಬಿದ ಮನಿ ಬಿಟ್ಟು ಹೋದೆಲ್ಲವ್ವಾ, ನನಗ ಯಾರು ದಿಕ್ಕವ್ವಾ. ಪ್ರಶಾಂತಿ ತಬ್ಬಿಸಿಕೊಂಡು ನಿಂತಿದ್ದಳು. ಮಾತುಗಳು ಕೇಳಿದವು, ಒಳಗೆ ಇಳಿಯಲಿಲ್ಲ. ಓಣಿಯ ಎರಡೂ ಬದಿಯ ಮಗ್ಗಗಳು ಸುಮ್ಮನಿದ್ದವು. ಅವ್ವನಿಗಾಗಿ ನಿಲ್ಲಿಸಿದ್ದಾರೆ ಎಂದುಕೊಂಡಳು.

“ಬಂದ ಮ್ಯಾಲ ಹೇಳೋಣ,” ಎಂದಳು.

ನವನೀತಾ ಎದ್ದು ಹೋಗಿ ಅವ್ವನ ಕಾಲ ಬಳಿ ಕೂತಳು.

ಸಾಯಣ್ಣ ದಿನಾಲು ಸಂಜೆ ಏಳರ ಹೊತ್ತಿಗೆ ವಿಡಿಯೋ ಕಾಲ್ ಮಾಡುತ್ತಿದ್ದ. ಅಲ್ಲಿ ಆಗ ಬೆಳಗಿನ ಒಂಬತ್ತೂವರೆ. ಸೋಮವಾರ ಕರೆ ಬಂದಾಗ ಪ್ರಶಾಂತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ಅವ್ವ ಜಮುಲಮ್ಮನ ಗುಡಿಗೆ ಹೋಗ್ಯಾಳ ಎಂದಿದ್ದಳು. ಮಂಗಳವಾರ, ಮದ್ದೂರಿಗೆ ಮದುವೆಗೆ ಹೋಗ್ಯಾಳ ಎಂದಿದ್ದಳು. “ನನಗ ಹೇಳದಂಗ ಯಾವ ಮದಿವಿ ಅದು?” ಎಂದು ಸಾಯಣ್ಣ ಕೇಳಿದ್ದ. ನಾಳೆ ಅವಳನ್ನೇ ಕರಿ ಎಂದು ಹೇಳಿಯೇ ಫೋನ್ ಇಟ್ಟಿದ್ದ.

ಮೂರನೆಯ ಸುಳ್ಳು ಸುಲಭವಿರಲಿಲ್ಲ. ತಾಯಪ್ಪ ಯೋಚಿಸಿದ: “ಮಗ್ಗದಾಗ ಅದಾಳ ಅಂದ್ರ? ಸಾಲು ಮುಗಿಯೂತನ ಏಳಾಕಿ ಅಲ್ಲ ಅಕಿ. ದೇವರು ಬಂದು ಕರದ್ರೂ, ಸ್ವಲ್ಪ ತಡಿ ಅಂತಿದ್ಲು.”

“ಸದ್ದು ಕೇಳಬೇಕಲ್ಲ,” ಎಂದಳು ಪ್ರಶಾಂತಿ.

ಸದ್ದು ಅವಳ ಫೋನಿನಲ್ಲೇ ಇತ್ತು. ಸಾಯಣ್ಣ ಹೊರಟ ಮೇಲೆ ಪೋಚಮ್ಮ ಒಬ್ಬಳೇ ನೇಯಬಹುದಾದ ಸಣ್ಣ ಅಂಚಿನ ನೂಲಿನ ಸೀರೆಯನ್ನು ಮಗ್ಗಕ್ಕೆ ಏರಿಸಿದ್ದಳು. ದೊಡ್ಡ ಅಂಚಿನದಾದರೆ ಪಕ್ಕದಲ್ಲಿ ಇನ್ನೊಬ್ಬರು ಕೂತು ಅಂಚಿನ ಲಾಳಿ ಎಸೆಯಬೇಕು. ಆ ಜಾಗ ಯಾವಾಗಲೂ ಸಾಯಣ್ಣನದು. ಹಿಂದಿನ ಭಾನುವಾರ ಪ್ರಶಾಂತಿ ಬಂದಿದ್ದಾಗ, ನವನೀತಾಳ ಅಂಗಡಿಯ ಗಿರಾಕಿಗಳಿಗೆ ಕಳಿಸಲೆಂದು ಅವ್ವ ನೇಯುವುದನ್ನು ವಿಡಿಯೋ ಮಾಡಿಕೊಂಡಿದ್ದಳು. ನೂಲನ್ನು ಬಡಿದು ಕೂರಿಸುವ ಹಣಿಗೆಯ ಎರಡು ಬಡಿತ, ಒಂದು ತಡೆ, ಮತ್ತೆ ಎರಡು ಬಡಿತ. ಪೋಚಮ್ಮನ ಬಲ ಭುಜ ಬಹಳ ವರ್ಷದಿಂದ ನೋಯುತ್ತಿತ್ತು, ಆ ತಡೆ ಅದರದು.

ಅದನ್ನು ತಾಯಪ್ಪನ ಫೋನಿಗೆ ಕಳಿಸಿದಳು. ಆ ಫೋನನ್ನು ಮಗ್ಗದ ಕೋಣೆಯ ಕಿಟಕಿಯಲ್ಲಿಟ್ಟು, ತಾನು ಕಿಟಕಿಯ ಹೊರಗೆ ಹಿತ್ತಲಲ್ಲಿ ನಿಂತಳು. ತಾಯಪ್ಪ ಪಡಸಾಲೆಯ ಬಾಗಿಲು ಎಳೆದುಕೊಂಡು, ಅಳುವ ಹೆಂಗಸರಿಗೆ ಸ್ವಲ್ಪ ಹೊತ್ತು ಸುಮ್ಮನಿರಿ ಎಂದು ಕೈಮುಗಿದು, ಫೋನಿನ ಹತ್ತಿರ ಬಂದು ನಿಂತ.

ಏಳಕ್ಕೆ ಕರೆ ಬಂತು.

ತೆರೆಯ ಮೇಲೆ ಮೊದಲು ಆಕಾಶ, ಆಮೇಲೆ ಸಾಯಣ್ಣನ ಗದ್ದ. ಬಿಳಿ ಅಂಗಿ ಹಾಕಿದ್ದ, ಕೊರಳಲ್ಲಿ ಮೇಳದ ಕಾರ್ಡು ತೂಗುತ್ತಿತ್ತು.

“ಕಾಣಸ್ತೈತೇನವ್ವಾ? ಇವತ್ತು ನನಗ ಕೆಲಸ ಇಲ್ಲ. ಊರು ತೋರಸಾಕ ಕರಕೊಂಡು ಹೊಂಟಾರ. ಹದಿನೈದು ಮಂದಿ ಅದೀವಿ. ಅಕೋ, ಮುಂದ ಹಳದಿ ಕೊಡಿ ಹಿಡದಾಳಲ್ಲ, ಅಕಿನ ಗೈಡು. ಬಿಸಿಲಿಲ್ಲ, ಮಳಿಲ್ಲ, ಕೊಡಿ ಬಿಚ್ಚಾಂಗಿಲ್ಲ. ನಾವು ತಪ್ಪಿಸಿಕೊಂಡು ಹೋಗಬಾರದಂತ ಸುಮ್ಮನ ಎತ್ತಿ ಹಿಡಿತಾಳ. ಕುರಿ ಕಾಯೋರ ಕೋಲಿದ್ದಂಗ.”

“ಹೌದೇನಪ್ಪ.”

ತೆರೆಯ ಮೇಲೆ ಕೋಟೆಯ ಗೋಡೆ ಬಂತು.

“ಇದು ಕ್ವಾಟಿ. ಹಳದಿ ಬಣ್ಣ ಬಳದಾರ, ಮದಿವಿ ಮನಿಯಂಗ. ನಮ್ಮ ಗದ್ವಾಲ ಕ್ವಾಟಿ ಮುಂದ ಇದು ಏನೂ ಅಲ್ಲ ಬಿಡು, ನಮ್ಮದರಾಗ ನಾಕು ಇಂಥವು ಕೂಡ್ತಾವ. ಆದ್ರ ಇವರು ಚೆಂದಾಗಿ ಇಟ್ಟಾರ. ಇಲ್ಲೊಂದು ಚರ್ಚ್ ಐತಿ. ಗ್ವಾಡ್ಯಾಗ ತೋಪಿನ ಗುಂಡು ಸಿಕ್ಕೊಂಡೈತಿ ನೋಡು, ಕಾಣಸ್ತೇನು?”

ಗೋಡೆಯಲ್ಲಿ ಒಂದು ಕಪ್ಪು ಉಬ್ಬು ಕಂಡಿತು.

“ಇಂಗ್ಲೀಷರು ಹಡಗದಿಂದ ಹೊಡದದ್ದಂತ. ಇನ್ನೂರು ವರ್ಷದ ಮ್ಯಾಲಾತು. ತೆಗದಿಲ್ಲ. ಹಂಗ ಬಿಟ್ಟಾರ.”

ಗೈಡ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅಂಜನಕುಮಾರ್ ಅದನ್ನು ತೆಲುಗಿನಲ್ಲಿ ಸಾಯಣ್ಣನಿಗೆ ಹೇಳುತ್ತಿದ್ದ. ಸಾಯಣ್ಣ ಕನ್ನಡದಲ್ಲಿ ಮಗಳಿಗೆ ಹೇಳುತ್ತಿದ್ದ. ಪ್ರಶಾಂತಿ ಯಾರಿಗೂ ಹೇಳಲಿಲ್ಲ. ಒಳಗೆ ಯಾರೋ ಮೂಗು ಸೀಟಿದರು.

ಅವರು ಓಣಿಯೊಂದರಲ್ಲಿ ನಡೆದು ಇನ್ನೊಂದು ಹಳದಿ ಗೋಡೆಯ ಮುಂದೆ ನಿಂತರು. ಅದು ಯೆಹೂದಿಗಳ ಪ್ರಾರ್ಥನಾ ಮಂದಿರ. ಒಳಗೆ ಕಾಲಿಟ್ಟು ಬಂದ ಸಾಯಣ್ಣ ಚಪ್ಪಲಿ ಝಾಡಿಸಿಕೊಳ್ಳುತ್ತಿದ್ದ.

“ಒಳಗ ನೆಲದ ತುಂಬ ಉಸುಕು ಹಾಕ್ಯಾರವ್ವಾ. ನಾ ಕೇಳಿದೆ, ಕಸ ಹೊಡಿಯಾಂಗಿಲ್ಲೇನು ಅಂತ. ಹಂಗಲ್ಲಂತ. ಇವರ ಮುತ್ತ್ಯಾಗೋಳು ಬ್ಯಾರೆ ದೇಶದಾಗಿದ್ದಾಗ ದೇವರ ಪೂಜಿ ಕದ್ದು ಮಾಡಬೇಕಿತ್ತಂತ. ಸಿಕ್ಕರ ಸುಡ್ತಿದ್ರಂತ. ಹೆಜ್ಜಿ ಸದ್ದು ಹೊರಗ ಕೇಳಬಾರದಂತ ನೆಲಕ್ಕ ಉಸುಕು ಹಾಕೋತಿದ್ರಂತ. ಈಗ ಅಂಜಿಕಿಲ್ಲ, ಆದ್ರೂ ಹಾಕ್ತಾರ.” ಅವನು ಫೋನನ್ನು ಮುಖದ ಹತ್ತಿರ ತಂದ. “ಅದಿರಲಿ. ನಿಮ್ಮವ್ವನ್ನ ಕರಿ.”

“ಮಗ್ಗದಾಗ ಅದಾಳಪ್ಪ.”

“ಎಲ್ಲಿ?”

“ಮಗ್ಗದಾಗ. ಸಾಲು ಮುಗಿಯೂತನ ಬರಾಂಗಿಲ್ಲಂತ. ಕೇಳು ಬೇಕಾದ್ರ.”

ಅವಳು ಕಿಟಕಿಯೊಳಗೆ ಕೈ ಚಾಚಿ ತಾಯಪ್ಪನ ಫೋನಿನ ತೆರೆ ಒತ್ತಿದಳು. ಎರಡು ಬಡಿತ, ಒಂದು ತಡೆ. ಎರಡು ಬಡಿತ.

ಸಾಯಣ್ಣನ ಕೈಯ ಫೋನು ಕೆಳಗಿಳಿದಿರಬೇಕು, ತೆರೆಯ ಮೇಲೆ ಕಲ್ಲು ಹಾಸಿದ ನೆಲವೂ ಅವನ ಕಾಲೂ ಕಂಡವು. ಗುಂಪು ಮುಂದೆ ಸಾಗಿತು. ಬಂದರಿನ ದಂಡೆ ಬಂತು. ಸಾಲಾಗಿ ನಿಂತ ಮನೆಗಳು, ಒಂದು ಹಳದಿ, ಒಂದು ನೀಲಿ, ಒಂದು ಗುಲಾಬಿ. ಅಂಜನಕುಮಾರನ ದನಿ ಕೇಳುತ್ತಿತ್ತು: ಹಿಂದೆ ಒಬ್ಬ ಗವರ್ನರು ಬಿಳಿ ಗೋಡೆಯಿಂದ ತಲೆನೋವು ಬರುತ್ತದೆಂದು ಎಲ್ಲರೂ ಮನೆಗೆ ಬಣ್ಣ ಬಳಿಯಬೇಕೆಂದು ಹುಕುಂ ಮಾಡಿದನಂತೆ, ಬಣ್ಣದ ಅಂಗಡಿಯಲ್ಲಿ ಅವನದೇ ಪಾಲು ಇತ್ತಂತೆ. ಗುಂಪಿನವರು ನಕ್ಕರು. ಸಾಯಣ್ಣ ಅದನ್ನು ಮಗಳಿಗೆ ಹೇಳಲಿಲ್ಲ.

ಮುಂದೆ ಮರದ ಹಲಗೆಗಳ ಸೇತುವೆ. ಕೆಳಗೆ ಸಾಲು ದೋಣಿಗಳು ಅದನ್ನು ಎತ್ತಿ ಹಿಡಿದಿದ್ದವು. ಸಾಯಣ್ಣ ಅದರ ಮೇಲೆ ಅರ್ಧ ದಾರಿ ಬಂದು ಕಟಕಟೆಗೆ ಒರಗಿ ನಿಂತ.

“ಇದು ತೇಲೋ ಬ್ರಿಡ್ಜು. ಹಿಂದಕ್ಕ ದಾಟಾಕ ರೊಕ್ಕ ಕೊಡಬೇಕಿತ್ತಂತ. ಬರಿಗಾಲಲ್ಲಿ ಬಂದೋರಿಗೆ ಮಾಫಿ.” ಅವನ ದನಿ ಓದುವವರ ದನಿಯಂತಿತ್ತು. “ಫೋನು ಮಗ್ಗದ ಹತ್ರ ಹಿಡಿಯವ್ವಾ. ಇನ್ನೊಮ್ಮಿ ಕೇಳ್ತೀನಿ.”

ತಾಯಪ್ಪ ಒಳಗಿನಿಂದ ತಲೆಯಾಡಿಸಿದ, ನಂಬಿದ ಎಂಬಂತೆ. ಪ್ರಶಾಂತಿ ಮತ್ತೆ ಒತ್ತಿದಳು.

“ನಿಮ್ಮವ್ವನ ಕೈ,” ಎಂದ ಸಾಯಣ್ಣ.

“ಹೌದಪ್ಪ.”

“ಇವತ್ತು ಅಮಾಸಿ ಐತಿ, ಪ್ರಶಾಂತಿ.”

ಅಷ್ಟರಲ್ಲಿ ಪಡಸಾಲೆಯ ಬಾಗಿಲು ತೆರೆದು ಆಶಮ್ಮ ಒಳಗೆ ಬಂದಳು. ಮಗ್ಗದ ಸದ್ದು ಕೇಳಿ ಬಂದಿದ್ದಳು. “ಯಾರದು? ಅಮಾಸಿ ದಿನ, ಹೆಣ ಇಟ್ಕೊಂಡು...” ಎಂದವಳು, ಖಾಲಿ ಮಗ್ಗವನ್ನೂ ಕಿಟಕಿಯಲ್ಲಿದ್ದ ಫೋನನ್ನೂ ನೋಡಿ ಬಾಯಿಗೆ ಸೆರಗು ಒತ್ತಿದಳು.

ಅಮಾವಾಸ್ಯೆಯ ದಿನ ಈ ಓಣಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಗದ್ವಾಲದಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ, ಹತ್ತು ವರ್ಷದ ಹುಡುಗಿಗೂ ಗೊತ್ತು. ಪ್ರಶಾಂತಿಗೂ ಗೊತ್ತಿತ್ತು. ಓಣಿಯ ಮಗ್ಗಗಳು ಬೆಳಗಿನಿಂದಲೇ ನಿಂತಿದ್ದವು, ಪೋಚಮ್ಮ ಸಾಯುವ ಮೊದಲೇ.

“ನಾ ಇವತ್ತು ಮಗ್ಗ ಮುಟ್ಟಾಂಗಿಲ್ಲ ಅಂದೀನವ್ವಾ ಇವರಿಗೆ,” ಎಂದ ಸಾಯಣ್ಣ. “ಅದಕ್ಕ ಊರು ನೋಡಾಕ ಕಳಿಸ್ಯಾರ. ಸಾವಿರ ರೂಪಾಯಿ ಇಡ್ತೀನಂದ್ರೂ ನಿಮ್ಮವ್ವ ಅಮಾಸಿಗೆ ಮಗ್ಗಕ್ಕ ಕೂಡಾಕಿ ಅಲ್ಲ. ಅದು ಬಂದ್ ಮಾಡು.”

ಅವಳು ಬಂದ್ ಮಾಡಿದಳು. ಓಣಿಯಲ್ಲಿ ಯಾವ ಸದ್ದೂ ಇರಲಿಲ್ಲ.

“ಎಲ್ಲಿ ಅದಾಳ?”

“ಪಡಸಾಲ್ಯಾಗ.”

“ಮಲಗಿಸೀರೇನು?”

“ಹ್ಞೂಂನಪ್ಪ.”

“ಯಾವಾಗ?”

“ಇವತ್ತು. ಹನ್ನೊಂದೂ ನಲವತ್ತಕ್ಕ. ರಾಯಚೂರಾಗ.”

ಅವನು ಲೆಕ್ಕ ಹಾಕಿದಂತೆ ಕಂಡಿತು. “ನಾ ಮಲಗಿದ್ದೆ,” ಎಂದ.

ಆ ಕಡೆ ಗಂಟೆ ಬಾರಿಸಿತು. ಹಡಗು ಬರುವಾಗ ಆ ಸೇತುವೆ ಒಂದು ತುದಿಯ ದಡ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ಮೇಲಿದ್ದವರು ಅಲ್ಲಿಯೇ ಇರಬಹುದು, ಇಳಿಯುವಂತಿಲ್ಲ. ಗುಂಪಿನವರು ಓಡಿ ಆಚೆ ಮುಟ್ಟಿದ್ದರು. ಹಳದಿ ಕೊಡೆ ದಂಡೆಯ ಮೇಲೆ ಎತ್ತರದಲ್ಲಿ ನಿಂತಿತ್ತು. ಅಂಜನಕುಮಾರ್ ಅಲ್ಲಿಂದ ಕೂಗಿದ: “ಸಾಯನ್ನಾ, ಅಕ್ಕಡೇ ಉಂಡಂಡಿ! ಅಲ್ಲೇ ಇರಿ, ಏನೂ ಆಗಲ್ಲ!” ಸಾಯಣ್ಣ ಆ ಕಡೆ ನೋಡಲಿಲ್ಲ. ಅವನ ಬೆನ್ನ ಹಿಂದೆ ಬಣ್ಣದ ಮನೆಗಳು ನಿಧಾನವಾಗಿ ಎಡಕ್ಕೆ ಸರಿಯತೊಡಗಿದವು.

“ಮುಖ ತೋರಿಸು.”

ಪ್ರಶಾಂತಿ ಹಿತ್ತಲಿನಿಂದ ಮಗ್ಗದ ಕೋಣೆಗೆ, ಅಲ್ಲಿಂದ ಪಡಸಾಲೆಗೆ ನಡೆದಳು. ತಾಯಪ್ಪ ಬಾಗಿಲಲ್ಲಿ ಅಡ್ಡ ನಿಂತಿದ್ದ.

“ಭಾವ, ನಿನ್ನ ಎದಿ...”

“ನನ್ನ ಎದಿಗೇನಾಗಿಲ್ಲಪ್ಪ ತಾಯಪ್ಪ. ಸರಿ ಆಚಿಗಿ.”

ತಾಯಪ್ಪ ಸರಿದ. ನವನೀತಾ ಅವ್ವನ ಮುಖದ ಮೇಲಿನ ಬಟ್ಟೆ ತೆಗೆದಳು. ಹೆಂಗಸರು ಅಳುವುದನ್ನು ನಿಲ್ಲಿಸಿ ಫೋನನ್ನು ನೋಡಿದರು. ಸಾಯಣ್ಣ ಬಹಳ ಹೊತ್ತು ನೋಡಿದ. ಅವನ ಹಿಂದೆ ದೊಡ್ಡ ಹಡಗೊಂದು ಹಾದುಹೋಯಿತು. ಬಿಳಿ ಗೋಡೆಯೊಂದು ನಡೆದು ಹೋದಂತೆ, ಮುಗಿಯುವುದೇ ಇಲ್ಲವೇನೋ ಎಂಬಷ್ಟು ಉದ್ದ.

“ಉಡಿಸಿದ್ದು ಯಾವ ಸೀರಿ?” ಎಂದು ಕೇಳಿದ.

“ಅಂಗಡಿಯಿಂದ ತಂದದ್ದು.”

“ಪವರ್‌ಲೂಮಿಂದು.”

“ಅವಸರದಾಗ ನಾನ ತಂದೆ ಭಾವ,” ಎಂದ ತಾಯಪ್ಪ. “ಹಸಿರಂತ ನೋಡಿದೆ, ಅಷ್ಟ. ಅದು ಹೊಳೀಲಿಲ್ಲ.”

“ಬೈದಿಲ್ಲ ನಾ. ಆಶಮ್ಮ ಅದಾಳೇನು ಅಲ್ಲಿ?”

“ಅದೀನಣ್ಣ,” ಎಂದಳು ಆಶಮ್ಮ.

“ಮಗ್ಗದ ಮ್ಯಾಲಿಂದು ಎಷ್ಟು ಆಗೈತಿ?”

“ಮೂರು ಮೊಳ ಆಗಿರಬೇಕು. ಸೆರಗು ಇನ್ನಾ ಬಂದಿಲ್ಲ.”

“ಇವತ್ತು ಮುಟ್ಟಬ್ಯಾಡ್ರಿ. ನಾಳಿ ಅಮಾಸಿ ಕಳದ ಮ್ಯಾಲ ನೀನ ಕೊಯ್ಯವ್ವಾ. ಅದನ್ನ ಹೊಚ್ರಿ ಅಕಿಗೆ. ಅಕಿ ಒಬ್ಬಾಕಿನ ನೇದದ್ದದು.”

“ಅಣ್ಣ, ಅದು ಆರ್ಡರಿನ ಸೀರಿ. ಸಂಘದ್ದು. ನಡುವ ಕೊಯ್ದ್ರ ಹಾಸಿನ ನೂಲೆಲ್ಲ ಕೆಡ್ತೈತಿ.”

“ಕೊಯ್ಯವ್ವಾ.”

ಸೇತುವೆ ನಿಂತಿತು. ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗತೊಡಗಿತು. ಅವನ ಹಿಂದೆ ನೀಲಿ ಮನೆ ಬಂತು, ಹಳದಿ ಮನೆ ಬಂತು. “ಅಪ್ಪ, ನಾನ ಹೇಳಬ್ಯಾಡಂದೆ,” ಎಂದಳು ಪ್ರಶಾಂತಿ.

“ಹೇಳೀಯಲ್ಲ ಈಗ,” ಎಂದ ಸಾಯಣ್ಣ. “ಚಾರ್ಜ್ ಕಡಿಮಿ ಐತಿ. ನಾಳಿ ಮಣ್ಣಿನ ಹೊತ್ತಿಗೆ ನೀನ ಫೋನು ಮಾಡು.”

ಅವನು ಸೇತುವೆಯಿಂದ ಇಳಿಯುವುದು ಕಂಡಿತು. ಅಂಜನಕುಮಾರ್ ಹತ್ತಿರ ಬಂದು, ಅವನ ಮುಖ ನೋಡಿ, ಏನಾಯಿತು ಎಂದು ಕೇಳುವುದರೊಳಗೆ ಕರೆ ಕಡಿಯಿತು.

ನವನೀತಾ ಅಕ್ಕನ ಕೈಯಿಂದ ಫೋನು ತೆಗೆದುಕೊಂಡು ಚಾರ್ಜಿಗೆ ಹಾಕಿದಳು. ಆಶಮ್ಮ ಒಂದು ಲೋಟ ಚಹಾ ತಂದು ಪ್ರಶಾಂತಿಯ ಮುಂದಿಟ್ಟಳು. “ಮಧ್ಯಾಹ್ನನ ಹೇಳಿದ್ನೆಲ್ಲವ್ವಾ ಅಮಾಸಿ ಅಂತ,” ಎಂದಳು, ಬೈಯುವ ದನಿಯಲ್ಲಲ್ಲ. ಪ್ರಶಾಂತಿ ಚಹಾ ಕುಡಿದಳು. ಸಕ್ಕರೆ ಹಾಕಿದ್ದಾರೋ ಇಲ್ಲವೋ ಗೊತ್ತಾಗಲಿಲ್ಲ.

ಗುರುವಾರ ಬೆಳಗ್ಗೆ, ಪಂಚಾಂಗ ನೋಡಿ ಅಮಾವಾಸ್ಯೆ ಕಳೆಯಿತೆಂದು ಖಾತ್ರಿ ಮಾಡಿಕೊಂಡ ಮೇಲೆ, ಆಶಮ್ಮ ಮಗ್ಗಕ್ಕೆ ಕೈಮುಗಿದು ಬಟ್ಟೆ ಕೊಯ್ದಳು. ಅಳೆದಾಗ ಮೂರು ಮೊಳಕ್ಕೆ ಸ್ವಲ್ಪ ಕಡಿಮೆಯಿತ್ತು. ಎದೆಯಿಂದ ಪಾದದವರೆಗೆ ಬಂತು. ಹತ್ತೂವರೆಗೆ ಮಣ್ಣಾಯಿತು. ವಿಲೆಮ್‌ಸ್ಟಾಡ್‌ನಲ್ಲಿ ಆಗ ರಾತ್ರಿ ಒಂದು ಗಂಟೆ. ಫೋನು ಹಿಡಿದದ್ದು ಪ್ರಶಾಂತಿ. ಸಾಯಣ್ಣ ಹೋಟೆಲಿನ ಮಂಚದ ಮೇಲೆ ಕೂತು ಕೊನೆಯವರೆಗೆ ನೋಡಿದ.

ಸೂತಕ ಕಳೆಯುವವರೆಗೆ ಮಗ್ಗ ಮುಟ್ಟುವಂತಿಲ್ಲ ಎಂದು ಅವನು ಅಂಜನಕುಮಾರನಿಗೆ ಹೇಳಿದ, ಅಂಜನಕುಮಾರ್ ಮೇಳದವರಿಗೆ ಹೇಳಿದ. ಶನಿವಾರಕ್ಕಿಂತ ಮೊದಲಿನ ಟಿಕೆಟ್ ಸಿಗಲಿಲ್ಲ. ಹೋಟೆಲಿನ ಕೋಣೆಯಲ್ಲಿ ಒಬ್ಬನೇ ಇರುವುದು ಬೇಡ ಎಂದು ಮೇಳದವರು ಶುಕ್ರವಾರ ಬೆಳಗ್ಗೆ ಅವನನ್ನು ಮತ್ತೆ ಊರು ನೋಡಲು ಕಳಿಸಿದರು. ಗೈಡ್ ಅವಳೇ, ಕೊಡೆ ಅದೇ. ಅವನು ಗುಂಪಿನ ಹಿಂದೆ ಕೋಟೆ, ಗೋಡೆಯ ಗುಂಡು, ಉಸುಕಿನ ನೆಲ ಎಲ್ಲವನ್ನೂ ಇನ್ನೊಮ್ಮೆ ನೋಡಿ, ಸೇತುವೆ ದಾಟಿದ.